ಊರ ದೇವರ ಮುಂದಿನ ಅರಿಕೆಯಲ್ಲಿ ಪೊಲೀಸರೂ ಸೇರಲಿ

ಮಾನ್ಯ ಸಂಪಾದಕರೇ,

ಬಂಡಿ ಹಬ್ಬ, ವರ್ಧಂತಿ ಉತ್ಸವಗಳಲ್ಲಿ ಪೂಜೆ ಮುಗಿದು ಪ್ರಸಾದ ಹಂಚುವ ಮುನ್ನ, ಊರ ಹತ್ತು ಸಮಸ್ತರ ಪರವಾಗಿ ದೇವರಲ್ಲಿ ಅರಿಕೆ ಮಾಡಿಕೊಳ್ಳುವ ಪದ್ಧತಿ ನಮ್ಮ ಕರಾವಳಿಯಲ್ಲಿದೆ. ಮಳೆ, ಬೆಳೆ, ದನಕರು, ಕಡಲಿಗಿಳಿಯುವ ದೋಣಿಗಳು, ಪರವೂರಿನಲ್ಲಿರುವ ಮಕ್ಕಳು ಎಲ್ಲರೂ ಆ ಅರಿಕೆಯಲ್ಲಿ ಬರುತ್ತಾರೆ. ಮಳೆಗಾಲ ಹತ್ತಿರವಾಗಿರುವ ಈ ಹೊತ್ತಿನಲ್ಲಿ ನಮ್ಮ ಠಾಣೆಗಳ ಪೊಲೀಸರಿಗಾಗಿ, ಗೃಹರಕ್ಷಕರಿಗಾಗಿ, ಜಿಲ್ಲೆಯ ಹೊಣೆ ಹೊತ್ತವರಿಗಾಗಿ ಅದರಲ್ಲಿ ಒಂದು ಮಾತು ಸೇರಬೇಕೆಂಬುದು ನನ್ನ ವಿನಂತಿ.

2024ರ ಜುಲೈ 16ರ ಬೆಳಿಗ್ಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿ ಗಂಗಾವಳಿ ನದಿಗೆ ಬಿದ್ದಾಗ, ಎದುರು ದಡದ ಉಳುವರೆ ಗ್ರಾಮಕ್ಕೂ ನೀರು ನುಗ್ಗಿತು. ಅಂದಿನಿಂದ ಸೆಪ್ಟೆಂಬರ್ 25ರಂದು ಕುಸಿತದಲ್ಲಿ ಕೊಚ್ಚಿಹೋಗಿದ್ದ ಲಾರಿಯೊಂದನ್ನು ನದಿಯಿಂದ ಮೇಲೆತ್ತುವವರೆಗೆ, ನಡುನಡುವೆ ನಿಂತರೂ, ಎರಡು ತಿಂಗಳು ಮೀರಿ ಶೋಧ ನಡೆಯಿತು. ಮತ್ತೆ ಯಾವಾಗ ಜರಿಯುವುದೋ ತಿಳಿಯದ ಆ ಗುಡ್ಡದ ಬುಡದಲ್ಲಿ, ಸುರಿಯುವ ಮಳೆಯಲ್ಲಿ, ಒಂದೆಡೆ ಜನರನ್ನು ತಡೆಯುತ್ತ ಇನ್ನೊಂದೆಡೆ ತಮ್ಮವರ ಸುಳಿವಿಗಾಗಿ ಕಾದವರಿಗೆ ಉತ್ತರ ಹೇಳುತ್ತ ನಿಂತವರಲ್ಲಿ ಪೊಲೀಸರೂ ಇದ್ದರು. ಶೋಧ ಇನ್ನೂ ಮುಗಿದಿರಲಿಲ್ಲ, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದಿಗೆ ನದಿಗೆ ಬಿದ್ದ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಹಾಗೆ ಕಾವಲು ನಿಲ್ಲುವವರಲ್ಲಿ ಅನೇಕರು ಬಯಲುಸೀಮೆಯ ಊರುಗಳಿಂದ ಬಂದವರು. ಅವರ ಮನೆಯವರು ದೂರದಲ್ಲಿ ಅವರಿಗಾಗಿ ದೇವರಿಗೆ ಕೈಮುಗಿಯುತ್ತಿರುತ್ತಾರೆ. ಅವರ ಕಾವಲಿನಲ್ಲಿರುವ ನಾವು ಸುಮ್ಮನಿರುವುದು ನನಗೆ ಸರಿಯೆನಿಸುವುದಿಲ್ಲ.

ಅವರ ಪ್ರಾಣಕ್ಕೆ ಅಪಾಯ ಬಾರದಿರಲಿ ಎಂದು ಬೇಡುವುದಷ್ಟೇ ಸಾಲದು. ಠಾಣೆಯ ಮೆಟ್ಟಿಲೇರಿದ ಬಡವನ ದೂರನ್ನು ತಾಳ್ಮೆಯಿಂದ ಕೇಳುವ ಮನಸ್ಸು ಅವರಿಗಿರಲಿ, ಜಾತಿ ಧರ್ಮ ನೋಡದೆ ನಡೆಯುವ ಧೈರ್ಯವಿರಲಿ, ಪ್ರಭಾವಿಗಳ ಫೋನ್ ಕರೆಗೆ ನ್ಯಾಯ ಬಾಗದಿರಲಿ ಎಂದೂ ಬೇಡಬೇಕು. ಇದೇನೂ ಹೊಸ ಪ್ರಾರ್ಥನೆಯಲ್ಲ. ಪೂಜೆಯ ಕೊನೆಗೆ ಹೇಳುವ ಸ್ವಸ್ತಿವಚನದಲ್ಲಿ ಆಳುವವರು ನ್ಯಾಯದ ಹಾದಿಯಲ್ಲೇ ನಾಡನ್ನು ಪಾಲಿಸಲಿ ಎಂಬ ಆಶಯವಿದೆ. ಇಗರ್ಜಿಗಳ ಬಲಿಪೂಜೆಯಲ್ಲೂ ಆಡಳಿತ ನಡೆಸುವವರಿಗಾಗಿ ಬೇಡುವ ಕ್ರಮವುಂಟು. ಶುಕ್ರವಾರದ ನಮಾಜಿನ ಬಳಿಕ ಮಾಡುವ ದುಆದಲ್ಲಿಯೂ ಇದಕ್ಕೆ ಜಾಗವಿದೆ. ಆದರೆ ಎಲ್ಲೋ ದೂರದ ಅರಸರಿಗಾಗಿ ಎಂಬಂತೆ ಹೇಳಿ ಮುಗಿಸದೆ, ನಮ್ಮ ಠಾಣೆ, ನಮ್ಮ ತಹಶೀಲ್ದಾರರು, ನಮ್ಮ ಜಿಲ್ಲಾಧಿಕಾರಿ ಎಂದು ನೆನೆದು ಹೇಳಿದರೆ ಆ ಮಾತಿಗೆ ಜೀವ ಬರುತ್ತದೆ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಜನರು ಆರಿಸಿದವರು ಹೊರಬೇಕಾದ ಭಾರವೂ ಅಧಿಕಾರಿಗಳ ಹೆಗಲಿಗೇ ಬಿತ್ತು. ಜೊಯಿಡಾದ ಕಾಡಿನ ಮಜಿರೆಗಳಿಂದ ಭಟ್ಕಳದ ಬಂದರಿನವರೆಗೆ ಹರಡಿದ ಈ ಜಿಲ್ಲೆಯಲ್ಲಿ, ಕದ್ರಾ ಅಣೆಕಟ್ಟೆಯಿಂದ ನೀರು ಬಿಡುವಾಗ ಕೆಳಗಿನ ಊರುಗಳನ್ನು ಯಾವಾಗ ತೆರವು ಮಾಡಿಸಬೇಕು, ಘಟ್ಟದ ರಸ್ತೆಯನ್ನು ಯಾವ ಕ್ಷಣದಲ್ಲಿ ಮುಚ್ಚಬೇಕು ಎಂಬ ನಿರ್ಧಾರಗಳನ್ನು ನಡುರಾತ್ರಿಯಲ್ಲೂ ತೆಗೆದುಕೊಳ್ಳಬೇಕಾದವರಿಗೆ ವಿವೇಕ ಬೇಡುವುದು ನಮ್ಮ ರಕ್ಷಣೆಗಾಗಿಯೂ ಹೌದು.

ಪ್ರಾರ್ಥಿಸಿದವರು ಪ್ರಶ್ನೆ ಕೇಳಬಾರದೆಂದು ನಾನು ಹೇಳುತ್ತಿಲ್ಲ. ಹೆದ್ದಾರಿಗಾಗಿ ಗುಡ್ಡವನ್ನು ಕಡಿದಾಗಿ ಕತ್ತರಿಸಿದ ಬಗ್ಗೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಲೇಬೇಕು. ಯಾರಿಗಾಗಿ ದೇವರಲ್ಲಿ ಬೇಡಿಕೊಂಡಿದ್ದೇವೆಯೋ ಅವರನ್ನು ಕೇಳುವಾಗ ನಮ್ಮ ಮಾತಿನಲ್ಲಿ ದ್ವೇಷವಿರುವುದಿಲ್ಲ; ಅವರಿಗೂ ಅದು ತಿಳಿಯುತ್ತದೆ.

ಆದ್ದರಿಂದ ದೇವಸ್ಥಾನಗಳ ಮೊಕ್ತೇಸರರು, ಇಗರ್ಜಿಗಳ ಗುರುಗಳು, ಜಮಾತಿನ ಹಿರಿಯರು ಮೃಗಶಿರಾ ಮಳೆ ಹಿಡಿಯುವ ಮೊದಲೇ ಈ ಬಗ್ಗೆ ತಮ್ಮಲ್ಲಿ ಮಾತಾಡಿಕೊಂಡು, ಸಾಧ್ಯವಾದರೆ ಪ್ರಾರ್ಥನೆಯ ದಿನವನ್ನು ಹತ್ತಿರದ ಠಾಣೆಗೂ ತಿಳಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕಿ, ಅಂಕೋಲಾ