ಸಂಬಳ ಏರಿತು, ನಲ್ಲಿ ಬರಲಿಲ್ಲ

ಆತ್ಮೀಯ ಓದುಗರೇ,

ನಮ್ಮ ಸಂಘದ ಈ ರಾಜ್ಯೋತ್ಸವ ಸಂಚಿಕೆಗೆ ಬಂದ ಬರಹಗಳಲ್ಲಿ ಬೆಂಗಳೂರಿನ ಏಳಿಗೆಯನ್ನು ಕೊಂಡಾಡಿದವೇ ಹೆಚ್ಚು. ಆ ಹೆಮ್ಮೆ ನನಗೂ ಇದೆ. ನಮ್ಮಲ್ಲಿ ಬಹಳ ಜನ ಬೆಂಗಳೂರು ಬಿಟ್ಟು ಇಲ್ಲಿಗೆ ಬಂದು ನೆಲೆ ನಿಂತದ್ದೇ ಆ ಊರು ಕೊಟ್ಟ ಓದು, ಕೆಲಸಗಳ ಬಲದಿಂದ. ಆದರೆ ಊರಿಗೆ ಹರಿದು ಬಂದ ಹಣ ಊರಿನವರ ದಿನನಿತ್ಯದ ಬದುಕನ್ನು ಎಷ್ಟು ಹಗುರ ಮಾಡಿದೆ ಎಂದು ಯಾರೂ ಬರೆದಿರಲಿಲ್ಲ.

ಬೆಂಗಳೂರಿನ ದೊಡ್ಡ ಕಾರ್ಖಾನೆಗಳನ್ನು ನೋಡಿ: ವಿಮಾನದ ಎಚ್‌ಎಎಲ್ 1940ರಲ್ಲಿ, ಟೆಲಿಫೋನಿನ ಐಟಿಐ 1948ರಲ್ಲಿ, ಯಂತ್ರೋಪಕರಣದ ಎಚ್‌ಎಂಟಿ 1953ರಲ್ಲಿ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್ 1954ರಲ್ಲಿ ಶುರುವಾದವು. ದೂರವಾಣಿನಗರ, ಜಾಲಹಳ್ಳಿಯ ಕಾಲೊನಿಗಳಲ್ಲಿ ಕೆಲಸದ ಜೊತೆಗೇ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಫ್ಯಾಕ್ಟರಿ ಬಸ್ಸು ಬಂದವು. ಎಲ್ಲರಿಗೂ ಆ ಕೆಲಸ ಸಿಗುತ್ತಿರಲಿಲ್ಲ, ನಿಜ. ಸಿಕ್ಕವರಿಗೆ ಮಾತ್ರ ಸಣ್ಣ ಸಂಬಳದಲ್ಲೂ ನೆಮ್ಮದಿಯಿತ್ತು.

1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ ಬೆಳೆದ ಬೆಂಗಳೂರಿನಲ್ಲಿ ಸಂಬಳ ದೊಡ್ಡದಾಯಿತು. ನೀರು, ಓಡಾಟ, ಶಾಲೆ ಎಲ್ಲವನ್ನೂ ಮನೆಮನೆಯೂ ಕೊಂಡುಕೊಳ್ಳಬೇಕಾಯಿತು. ನೀರನ್ನೇ ನೋಡಿ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ಮೇಲೆತ್ತಿದ ಕಾವೇರಿ 1974ರಿಂದ ನಗರಕ್ಕೆ ಬರುತ್ತಿದೆ. 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಿಗಾಗಿ ಮಾಡಿದ ಐದನೇ ಹಂತದ ಯೋಜನೆ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇದ್ದವು. ಬೋರ್‌ವೆಲ್ ಬತ್ತಿದಾಗ ಟ್ಯಾಂಕರೇ ಗತಿ. 2024ರ ಬೇಸಿಗೆಯಲ್ಲಂತೂ ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಯಿತು.

ಅಪಾರ್ಟ್‌ಮೆಂಟಿನವರು ಹಂಚಿಕೊಂಡು ಟ್ಯಾಂಕರ್ ತರಿಸಿಯಾರು. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಏನು ಮಾಡಬೇಕು? ಬೆಂಗಳೂರು ಚೆನ್ನಾಗಿದೆಯೇ ಎಂದು ಮೊದಲು ಕೇಳಬೇಕಾದ್ದು ಅವಳನ್ನು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳ ಬಸ್ ಪ್ರಯಾಣ ಉಚಿತವಾಯಿತು. ಅದನ್ನು ಬಿಟ್ಟಿ ಭಾಗ್ಯ ಎಂದು ಮೂದಲಿಸುವವರು ನಮ್ಮ ಸಂಘದಲ್ಲೂ ಇದ್ದಾರೆ, ನಾನು ಒಪ್ಪುವುದಿಲ್ಲ. ತಿಂಗಳ ಕೊನೆಗೆ ಅವಳ ಕೈಯಲ್ಲಿ ಉಳಿಯುವ ಆ ಹಣ ಮಕ್ಕಳ ಹಾಲಿಗೆ, ಪುಸ್ತಕಕ್ಕೆ ಆಗುತ್ತದೆ. ಅದೇ ಊರಿನಲ್ಲಿ 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಜನರನ್ನು ಸ್ಕೂಟರಿನಿಂದ ಇಳಿಸಬೇಕಾದ ಮೆಟ್ರೊ ಮತ್ತೆ ಸ್ಕೂಟರ್ ಹತ್ತಿಸಿದರೆ ಹೇಗೆ?

ಇದನ್ನೆಲ್ಲ ಕೇಳಬೇಕಾದ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳೇ ಪಾಲಿಕೆ ನಡೆಸಿದರು. ನನಗೆ ತುಂಬಾ ನೋವು ತಂದ ಸಂಗತಿ ಇದು.

ನಮ್ಮಲ್ಲಿ ಹಲವರು ಅಲ್ಲಿ ಫ್ಲಾಟ್ ಕೊಳ್ಳುತ್ತೀರಿ. ಚದರಡಿಯ ಬೆಲೆಗೂ ಮೊದಲು ಕಾವೇರಿ ಸಂಪರ್ಕವಿದೆಯೇ, ಕೊಳಚೆ ನೀರು ಯಾವ ಕೆರೆಗೆ ಹೋಗುತ್ತದೆ, ಬಸ್‌ ಸ್ಟಾಪ್ ಎಷ್ಟು ದೂರ ಎಂದು ಬಿಲ್ಡರನ್ನು ಕೇಳಿ. ಸಿಕ್ಕ ಉತ್ತರಗಳನ್ನು ನಮಗೆ ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.