ಓದು ಕಲಿಸುವುದನ್ನು ಮೊದಲು ಶಿಕ್ಷಕರಿಗೆ ಕಲಿಸಿ

ಮಾನ್ಯರೇ,

ಕುಂದಗೋಳ ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ ನಾನು ನಲಿ-ಕಲಿ (ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಶಿಕ್ಷಕಿ. ನಮ್ಮಲ್ಲಿಗೆ ಪಾಠ ಮಾಡಲು ಬರುವ ಡಿ.ಎಲ್.ಇಡಿ. (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ವಿದ್ಯಾರ್ಥಿಗಳು ಚಲೋ ಹುಡುಗರೇ. ಚಾರ್ಟು ಚೆಂದ ಮಾಡುತ್ತಾರೆ. ಆದರೆ ಮಗು ಓದುವಾಗ ಯಾಕೆ ಎಡವಿತು ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾರೆ. ಯಾರೂ ಹೇಳಿಕೊಟ್ಟಿಲ್ಲ, ಅವರದೇನು ತಪ್ಪು?

ಮೊನ್ನೆ ಒಬ್ಬ ಹುಡುಗ ‘ಅರ್ಧ’ ಅನ್ನುವುದನ್ನು ‘ಅಧರ’ ಅಂತ ಓದಿದ. ಪಾಠ ಮಾಡುತ್ತಿದ್ದ ಡಿ.ಎಲ್.ಇಡಿ. ವಿದ್ಯಾರ್ಥಿ ‘ತಪ್ಪು, ಮತ್ತೆ ಓದು’ ಅಂದರು. ಹುಡುಗ ಮತ್ತೆ ‘ಅಧರ’ ಅಂದ. ಅವನ ಲೆಕ್ಕ ಸರಿಯೇ ಇತ್ತು, ಎಡದಿಂದ ಬಲಕ್ಕೆ ಕಂಡ ಹಾಗೆ ಓದಿದ್ದ. ಅರ್ಕಾವತ್ತು (‘ರ್’ಗೆ ಹಾಕುವ ಚಿಹ್ನೆ) ಬರೆಯುವುದು ‘ಧ’ ಆದಮೇಲೆ, ಉಚ್ಚಾರ ಅದಕ್ಕಿಂತ ಮೊದಲು. ‘ಅಕ್ಕ’, ‘ಎತ್ತು’ ಅಂತ ಬರೆದ ಕ್ರಮದಲ್ಲೇ ಓದಿ ಬಂದ ಮಗುವಿಗೆ ಇದು ಉಲ್ಟಾ ಅಲ್ವಾ? ಬಿಡಿಸಿ ತೋರಿಸಬೇಕು. ನಲಿ-ಕಲಿಯಲ್ಲಿ ಅ ಆ ಇ ಈ ಬಿಟ್ಟು ‘ರ ಗ ಸ ದ ಅ’ದಿಂದ ಶುರು ಮಾಡುತ್ತೇವೆ. ಅಷ್ಟರಲ್ಲೇ ಮಗು ‘ಸರ’, ‘ಅರಸ’, ‘ಗರಗಸ’ ಓದಬಹುದು. ಇದರ ಲಾಭವೂ ಎಷ್ಟೋ ಜನರಿಗೆ ಗೊತ್ತಿಲ್ಲ.

ಮಕ್ಕಳಿಗೆ ಓದು, ಲೆಕ್ಕದ ಬುನಾದಿ ಹಾಕಲು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿ ದೊಡ್ಡದು: 2026–27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗು ಅರ್ಥ ಮಾಡಿಕೊಂಡು ಓದಬೇಕು. ತರಬೇತಿ ಅಂತ ಶಿಕ್ಷಕರನ್ನು ಕರೆದು, ಸಭಾಂಗಣದಲ್ಲಿ ಪಿಪಿಟಿ ತೋರಿಸಿ, ಚಹಾ ಬಿಸ್ಕಿಟ್ ಕೊಟ್ಟು ಕಳಿಸಿದರೆ ಅದು ಆಗದು. (ಚಹಾ ಮಾತ್ರ ಚಲೋ ಇರುತ್ತದೆ.)

ಭಾವಿ ಶಿಕ್ಷಕರನ್ನು ಒಂದನೇ ತರಗತಿಗೇ ಕಳಿಸಿ. ದಿನಾ ಒಂದೇ ಮಗುವಿನ ಪಕ್ಕ ಕೂತು ಓದು ಕೇಳಲಿ, ಎಡವಿದ ಜಾಗ ಬರೆದಿಡಲಿ, ಸಂಜೆ ಹಳೆಯ ಶಿಕ್ಷಕರ ಜೊತೆ ಮಾತಾಡಲಿ. ಧಾರವಾಡದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದನ್ನು ಕೆಲವು ಶಾಲೆಗಳಲ್ಲಿ ಮಾಡಿ ನೋಡಬೇಕು. ನಮ್ಮ ಶಾಲೆಗೂ ಕಳಿಸಬಹುದು.

– ನಲಿ-ಕಲಿ ಶಿಕ್ಷಕಿ, ಕುಂದಗೋಳ ತಾಲ್ಲೂಕು, ಧಾರವಾಡ ಜಿಲ್ಲೆ