ರೆಕಾರ್ಡ್ ಪ್ಲೇಯರ್ ಕೊಳ್ಳುವ ಮುನ್ನ ಮುಳ್ಳಿನ ಭಾರ ಕೇಳಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಹಳೇಪೇಟೆ ಭಾಗದ ಮನೆಗಳಲ್ಲಿ ಅಟ್ಟ ಸೇರಿದ್ದ ಗ್ರಾಮಫೋನ್ ಪ್ಲೇಟುಗಳನ್ನು ಮೊಮ್ಮಕ್ಕಳು ಕೆಳಗಿಳಿಸಿ, ಧೂಳು ಒರೆಸಿ, ಕೇಳಬೇಕೆಂದು ಆಸೆಪಡುತ್ತಿರುವುದು ನನ್ನಂಥ ಸಂಗೀತಪ್ರಿಯರಿಗೆ ಬಹಳ ಸಂತೋಷ ತಂದಿದೆ. ಆದರೆ ಇಂಥವರಲ್ಲಿ ಹೆಚ್ಚಿನವರು ಮೊದಲು ಕೊಳ್ಳುವುದು ಸ್ಪೀಕರನ್ನೂ ಒಳಗೇ ಅಳವಡಿಸಿದ, ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರನ್ನು. ಅದರಿಂದ ಆ ಪ್ಲೇಟುಗಳಿಗೇ ಆಗುವ ಹಾನಿಯ ಬಗ್ಗೆ ಈ ಪತ್ರ.

ಉತ್ತಮ ಟರ್ನ್‌ಟೇಬಲ್‌ನ (ಪ್ಲೇಟು ತಿರುಗಿಸಿ ನುಡಿಸುವ ಯಂತ್ರದ) ಮುಳ್ಳು ಎಲ್‌ಪಿಯ, ಅಂದರೆ ನಿಧಾನವಾಗಿ ತಿರುಗುವ ದೊಡ್ಡ ವಿನೈಲ್ ಪ್ಲೇಟಿನ, ಗೆರೆಯ ಮೇಲೆ ಸುಮಾರು 2 ಗ್ರಾಂ ಭಾರ ಹಾಕುತ್ತದೆ. ಸೂಟ್‌ಕೇಸ್ ಪ್ಲೇಯರುಗಳಲ್ಲಿ ಈ ಭಾರ ಸಾಮಾನ್ಯವಾಗಿ 5 ಗ್ರಾಂ ಆಸುಪಾಸಿನಲ್ಲಿದ್ದು, ಅದನ್ನು ಕಡಿಮೆ ಮಾಡಿಕೊಳ್ಳಲು ಮುಳ್ಳನ್ನು ಹಿಡಿದಿರುವ ತೋಳಿನ ಹಿಂಬದಿಯಲ್ಲಿ ತೂಕದ ಬಿಲ್ಲೆಯೂ ಇರುವುದಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರ ಮನೆಯಲ್ಲಿ ಅಂಥದೊಂದು ಯಂತ್ರದ ಮೇಲೆ ಮತ್ತೆ ಮತ್ತೆ ನುಡಿಸಿದ ಎಲ್‌ಪಿಯೊಂದನ್ನು ಬೇರೆ ಒಳ್ಳೆಯ ಯಂತ್ರದಲ್ಲಿ ಹಾಕಿ ಕೇಳಿದೆವು. ಗಾಯಕಿ ‘ಸ’, ‘ಶ’ ಎಂದಲ್ಲೆಲ್ಲ ದನಿ ಸೀಳಿ ಕರಕರ ಎನ್ನುತ್ತಿತ್ತು. ಸವೆದ ಗೆರೆಯನ್ನು ಮತ್ತೆ ಸರಿಪಡಿಸುವ ಉಪಾಯವಿಲ್ಲ.

ಆದ್ದರಿಂದ ಮೊದಲ ಬಾರಿ ಕೊಳ್ಳುವವರು ಹೊರಗಿನ ಮರದ ಪೆಟ್ಟಿಗೆಗೋ, ಬ್ಲೂಟೂತ್‌ಗೋ ಹಣ ಸುರಿಯದೆ ತೋಳು ಮತ್ತು ಮುಳ್ಳಿನ ಗುಣಮಟ್ಟಕ್ಕೆ ಹಣ ಹಾಕಬೇಕು. ತೋಳಿನ ಹಿಂದಿನ ಬಿಲ್ಲೆಯನ್ನು ತಿರುಗಿಸುತ್ತ ಹೋದಂತೆ ತೋಳು ಮೇಲಕ್ಕೂ ಏಳದೆ ಕೆಳಕ್ಕೂ ಬೀಳದೆ ಮಟ್ಟಸವಾಗಿ ತೇಲಿ ನಿಲ್ಲುತ್ತದೆ. ಆಗ ಬಿಲ್ಲೆಯ ಮೇಲಿನ ಅಂಕಿಯ ಉಂಗುರವನ್ನು ಸೊನ್ನೆಗೆ ತಂದು, ಅಲ್ಲಿಂದ ಕಾರ್ಟ್ರಿಜ್ (ಮುಳ್ಳು ಕೂರುವ ಪುಟ್ಟ ಭಾಗ) ತಯಾರಕರು ಹೇಳಿದ ಗ್ರಾಂಗೆ ಬಿಲ್ಲೆಯನ್ನು ತಿರುಗಿಸಿದರಾಯಿತು. ಇದಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ. ಇದೆಲ್ಲ ಬೇಡ ಎನ್ನುವವರಿಗೆ ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಮಾದರಿ ಸಾಕು: ಭಾರವನ್ನು ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ, ಸವೆದ ಮುಳ್ಳನ್ನು ಮಾತ್ರ ಬದಲಿಸಿಕೊಳ್ಳಬಹುದು.

ಆದರೆ ಅದು ನಿಮಿಷಕ್ಕೆ 33⅓ ಮತ್ತು 45 ಸುತ್ತಿನ ವೇಗದಲ್ಲಿ ಮಾತ್ರ ತಿರುಗುತ್ತದೆ. ನಮ್ಮ ಭಾಗದವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಎಲ್‌ಪಿ ಬಂದದ್ದು 1948ರಲ್ಲಿ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಆರಂಭದ ಗಾಯನವಿರುವುದು 78 ಸುತ್ತಿನ ಅರಗಿನ ತಟ್ಟೆಗಳಲ್ಲಿ. ಆ ತಟ್ಟೆಗಳ ಗೆರೆ ಬಹಳ ಅಗಲ. ಎಲ್‌ಪಿಯ ಸಣ್ಣ ಮುಳ್ಳು ಅದರ ತಳಕ್ಕಿಳಿದು, ಹಾಡಿಗಿಂತ ಗೊರಗೊರ ಸದ್ದನ್ನೇ ಹೆಚ್ಚಾಗಿ ಎತ್ತುತ್ತದೆ. ಮೂರೂ ವೇಗವಿರುವ ಎಲ್‌ಪಿ120ಎಕ್ಸ್‌ನಂಥ ಯಂತ್ರ ಕೊಂಡು, 78ಕ್ಕೆಂದೇ ಇರುವ ದಪ್ಪ ಮುಳ್ಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದೇ ಸರಿ. (ಅರಗಿನ ತಟ್ಟೆಗಳನ್ನು ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ.)

ಕಾರ್ಟ್ರಿಜ್‌ನಿಂದ ಹೊರಡುವ ಸಂಕೇತ ಕೆಲವೇ ಮಿಲಿವೋಲ್ಟ್‌ನಷ್ಟಿರುವುದರಿಂದ, ಪ್ಲೇಯರಿನೊಳಗೆ ಆ ಸಂಕೇತವನ್ನು ಹಿಗ್ಗಿಸುವ ಫೋನೋ ಪ್ರೀಆಂಪ್ ಇದೆಯೇ ಎಂದೂ ಕೇಳಬೇಕು. ಇಲ್ಲದಿದ್ದರೆ ಅದನ್ನು ಬೇರೆಯಾಗಿ ಕೊಳ್ಳಬೇಕು, ಅಥವಾ ಮನೆಯಲ್ಲಿರುವ ಹಳೆಯ ಆಂಪ್ಲಿಫೈಯರಿನ ಹಿಂದೆ ‘ಫೋನೋ’ ಎಂದು ಬರೆದಿರುವಲ್ಲಿ ವೈರ್ ಜೋಡಿಸಬೇಕು. ಸ್ಪೀಕರ್ ಸಾಧಾರಣವಾದರೂ ಸದ್ಯಕ್ಕೆ ನಡೆದೀತು, ಟರ್ನ್‌ಟೇಬಲ್ ಇಟ್ಟ ಮೇಜಿನ ಮೇಲೆ ಮಾತ್ರ ಅದನ್ನು ಇಡಬಾರದು.

ವಿದೇಶದಲ್ಲಿರುವ ಬಂಧುಗಳಿಂದ ಹಳೆಯ ಯಂತ್ರ ತರಿಸುವವರಿಗೆ ಇನ್ನೊಂದು ಮಾತು. ಅಮೆರಿಕದ ವಿದ್ಯುತ್ 60 ಹರ್ಟ್ಸ್, ನಮ್ಮದು 50. ವಿದ್ಯುತ್ತಿನ ಆವರ್ತನಕ್ಕೆ ತಕ್ಕಂತೆ ತಿರುಗುವ ಹಳೆಯ ಮೋಟಾರು, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಇಲ್ಲಿ ನಿಧಾನವಾಗಿಯೇ ತಿರುಗಿ, ಶ್ರುತಿಯನ್ನು ಇಳಿಸಿಬಿಡುತ್ತದೆ.

ನಗರದ ವ್ಯಾಪಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಪ್ಲೇಯರಿನ ಬೆಲೆಚೀಟಿಯ ಮೇಲೆ ಮುಳ್ಳಿನ ಭಾರ ಎಷ್ಟು ಗ್ರಾಂ, ಯಾವ ಯಾವ ವೇಗಗಳಿವೆ, ಬದಲಿ ಮುಳ್ಳು ಅಂಗಡಿಯಲ್ಲಿ ಸಿಗುತ್ತದೆಯೇ ಎಂಬ ಮೂರು ವಿವರಗಳನ್ನು ಕನ್ನಡದಲ್ಲಿ ಬರೆದು ಹಾಕಿರಿ. ಗ್ರಾಹಕರೂ ಈ ವಿವರ ಸಿಗದ ಹೊರತು ಹಣ ಕೊಡಬಾರದು.

– ಸಂಗೀತಾಸಕ್ತ ಓದುಗ, ಪಿ.ಜೆ. ಬಡಾವಣೆ, ದಾವಣಗೆರೆ